ರೋಗಾಣುನಾಶಕ ಸೋಪೋ, ಪ್ರೊಬಯಾಟಿಕ್ ಕ್ರೀಮೋ: ಚರ್ಮದ ಸೂಕ್ಷ್ಮಜೀವಿಗಳಿಗೆ ಬೇಕಾದದ್ದೇನು?

ಪ್ರಶ್ನೆ: ನನಗೆ 34 ವರ್ಷ. ಒಂದು ವರ್ಷದಿಂದ ಮೊಣಕೈಯ ಒಳಮಡಿಕೆಯಲ್ಲಿ ಮತ್ತು ಕತ್ತಿನ ಬದಿಯಲ್ಲಿ ಚರ್ಮ ಒಣಗಿ, ಕೆಂಪಾಗಿ, ರಾತ್ರಿಯೆಲ್ಲ ತುರಿಸುತ್ತದೆ. ಸೋಂಕು ತಗಲಿರಬೇಕೆಂದು ದಿನಕ್ಕೆ ಎರಡು ಸಲ ರೋಗಾಣುನಾಶಕ ಸೋಪು ಹಚ್ಚಿ ಇಡೀ ಮೈಯನ್ನು ಉಜ್ಜಿ ತೊಳೆಯುತ್ತಿದ್ದೇನೆ. ಮುನ್ನೆಚ್ಚರಿಕೆಗೆಂದು ಎರಡು ವರ್ಷದ ಮಗಳಿಗೂ ಅದನ್ನೇ ಬಳಸುತ್ತಿದ್ದೇನೆ. ತುರಿಕೆ ಕಡಿಮೆಯಾಗಿಲ್ಲ. ಚರ್ಮದ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇರುತ್ತವೆ, ಸೋಪು ಅವನ್ನೆಲ್ಲ ಕೊಂದುಹಾಕುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸಿದ್ದೆನ್ನುವ ಪ್ರೊಬಯಾಟಿಕ್ ಕ್ರೀಮು ಹಚ್ಚಿದರೆ ಸರಿಹೋಗುತ್ತದೆ ಎಂದು ನನ್ನ ಗೆಳತಿ ಹೇಳುತ್ತಾಳೆ. ಇದು ನಿಜವೇ? ಈ ಜೀವಿಗಳ ಸಮತೋಲನ ಯಾವ ಯಾವ ಕಾರಣಗಳಿಂದ ಕೆಡುತ್ತದೆ?

ಉತ್ತರ: ರೋಗಾಣುನಾಶಕ ಸೋಪನ್ನು ಇಂದೇ ನಿಲ್ಲಿಸಿ, ನಿಮಗೂ ಮಗುವಿಗೂ. ಪ್ರೊಬಯಾಟಿಕ್ ಕ್ರೀಮಿಗೆ ಸದ್ಯ ಹಣ ಖರ್ಚು ಮಾಡಬೇಡಿ. ಮೊಣಕೈಯ ಒಳಮಡಿಕೆ, ಕತ್ತು, ಒಣಚರ್ಮ, ರಾತ್ರಿಯ ತುರಿಕೆ ಎಂದು ನೀವು ಬರೆದಿರುವುದನ್ನು ಓದಿದರೆ ಅಟೋಪಿಕ್ ಡರ್ಮಟೈಟಿಸ್ ಎಂಬ ಎಕ್ಸಿಮಾ ಇರಬಹುದು ಅನ್ನಿಸುತ್ತದೆ. ಆದರೆ ಶಿಲೀಂಧ್ರದ ಸೋಂಕು, ಸೋರಿಯಾಸಿಸ್, ಯಾವುದೋ ವಸ್ತು ತಾಗಿ ಬಂದ ಅಲರ್ಜಿ, ಇವೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಪತ್ರ ಓದಿ ರೋಗ ನಿರ್ಧರಿಸಲಾಗದು. ಚರ್ಮರೋಗ ತಜ್ಞರು ಒಮ್ಮೆ ಕಣ್ಣಾರೆ ನೋಡಲೇಬೇಕು.

ನಿಮ್ಮ ಸೋಪು ಮತ್ತು ಗೆಳತಿಯ ಕ್ರೀಮು ಮೇಲ್ನೋಟಕ್ಕೆ ವಿರುದ್ಧ ದಾರಿಗಳಂತೆ ಕಾಣುತ್ತವೆ. ಎರಡರ ಹಿಂದೆಯೂ ಇರುವ ಕಲ್ಪನೆ ಮಾತ್ರ ಒಂದೇ: ಚರ್ಮದ ಮೇಲೆ ಯಾವ ಜೀವಿ ಇರಬೇಕು, ಯಾವುದು ಇರಬಾರದು ಎಂಬುದನ್ನು ನಾವು ಹೊರಗಿನಿಂದ ತೀರ್ಮಾನಿಸಬಹುದು ಎಂಬುದು. ವಾಸ್ತವದಲ್ಲಿ ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಚರ್ಮವೇ. ಎಷ್ಟು ಎಣ್ಣೆ, ಎಷ್ಟು ಬೆವರು, ಎಷ್ಟು ಆಮ್ಲ, ಎಷ್ಟು ತೇವ ಎಂಬುದರ ಮೇಲೆ ಅಲ್ಲಿ ಯಾರು ಬದುಕುತ್ತಾರೆ ಎಂಬುದು ನಿಂತಿದೆ. ಮಣ್ಣು ಸವುಳಾಗಿರುವಾಗ ಕಳೆ ಕಿತ್ತರೂ ಅದೇ ಕಳೆ ಮತ್ತೆ ಬರುತ್ತದೆ, ಒಳ್ಳೆಯ ಬೀಜ ಬಿತ್ತಿದರೂ ಮೊಳೆಯುವುದಿಲ್ಲ. ನಿಮ್ಮ ಮೊಣಕೈಯಲ್ಲಿ ನಡೆಯುತ್ತಿರುವುದೂ ಇದೇ ಎಂದು ನನಗೆ ಅನ್ನಿಸುತ್ತದೆ. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವಯಸ್ಕರ ಚರ್ಮದ ಹೊರಮೈ ಸುಮಾರು 2 ಚದರ ಮೀಟರ್. ರೋಮಕೂಪಗಳ ಮತ್ತು ಗ್ರಂಥಿಗಳ ಒಳಗೋಡೆಗಳನ್ನೂ ಲೆಕ್ಕಕ್ಕೆ ಹಿಡಿದರೆ ಸೂಕ್ಷ್ಮಜೀವಿಗಳಿಗೆ ಸಿಗುವ ಜಾಗ ಅದರ ಹತ್ತು ಪಟ್ಟಿಗೂ ಹೆಚ್ಚು. ಇಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್‌ಗಳಿವೆ. ಬಹುತೇಕ ಎಲ್ಲ ವಯಸ್ಕರ ಮುಖದ ರೋಮಕೂಪಗಳಲ್ಲಿ ಡೆಮೊಡೆಕ್ಸ್ ಎಂಬ ಅತಿ ಸಣ್ಣ ನುಸಿಯೂ ಇರುತ್ತದೆ. ಈ ಎಲ್ಲವನ್ನೂ ಸೇರಿಸಿ ಚರ್ಮದ ಮೈಕ್ರೋಬಯೋಮ್ ಎನ್ನುತ್ತಾರೆ. ಚರ್ಮದ ಮೇಲ್ಮೈಯನ್ನು ಒರೆಸಿ ತೆಗೆದ ಮಾದರಿಯಲ್ಲಿ ಸಿಗುವ ಡಿಎನ್‌ಎಯ ದೊಡ್ಡ ಪಾಲು ಸತ್ತ ಬ್ಯಾಕ್ಟೀರಿಯಾಗಳದ್ದು ಎಂಬುದು ಈಚೆಗಿನ ಒಂದು ಮುಖ್ಯ ತಿಳಿವಳಿಕೆ. ಜೀವಂತವಾಗಿರುವವು ಹೆಚ್ಚಾಗಿ ರೋಮಕೂಪಗಳ ಆಳದಲ್ಲಿ ನೆಲೆಸಿರುತ್ತವೆ. ಹಾಗಾಗಿ ಎಷ್ಟೇ ಉಜ್ಜಿದರೂ ಮೂಲ ನಿವಾಸಿಗಳನ್ನು ಪೂರ್ತಿ ತೆಗೆದುಹಾಕಲಾಗದು. ಕೆಲವೇ ಗಂಟೆಗಳಲ್ಲಿ ಅವು ಒಳಗಿನಿಂದ ಮತ್ತೆ ಮೇಲಕ್ಕೆ ಹರಡಿಕೊಳ್ಳುತ್ತವೆ. ಉಜ್ಜಾಟದಿಂದ ನಿಜವಾಗಿ ನಷ್ಟವಾಗುವುದು ಚರ್ಮದ ಹೊರಪದರಕ್ಕೆ.

ಇಡೀ ಮೈಗೆ ಒಂದೇ ಮೈಕ್ರೋಬಯೋಮ್ ಇರುವುದಿಲ್ಲ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಎಲಿಜಬೆತ್ ಗ್ರೈಸ್, ಜೂಲಿ ಸೆಗ್ರೆ ಮತ್ತು ಸಂಗಡಿಗರು 10 ಮಂದಿ ಆರೋಗ್ಯವಂತರ ಚರ್ಮದ 20 ಜಾಗಗಳಿಂದ ಮಾದರಿ ತೆಗೆದು ಬ್ಯಾಕ್ಟೀರಿಯಾಗಳ ಜೀನುಗಳನ್ನು ಓದಿದರು. ಒಬ್ಬರದೇ ಕಂಕುಳಿಗೂ ಮುಂಗೈಗೂ ಇರುವ ವ್ಯತ್ಯಾಸ ದೊಡ್ಡದು. ಅದಕ್ಕೆ ಹೋಲಿಸಿದರೆ ಇಬ್ಬರು ಬೇರೆ ಬೇರೆ ಜನರ ಕಂಕುಳುಗಳೇ ಒಂದನ್ನೊಂದು ಹೆಚ್ಚು ಹೋಲುತ್ತವೆ. ಹಣೆ, ಮೂಗಿನ ಬದಿ, ಬೆನ್ನಿನ ಮೇಲ್ಭಾಗದಂಥ ಎಣ್ಣೆ ಸುರಿಸುವ ಜಾಗಗಳಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸಿರುತ್ತದೆ. ಆಮ್ಲಜನಕ ಇಲ್ಲದೆಡೆ ಬದುಕಲು, ಎಣ್ಣೆಯನ್ನು ಒಡೆದು ತಿನ್ನಲು ಅದು ಹೇಳಿಮಾಡಿಸಿದ ಜೀವಿ. ಕಂಕುಳು, ತೊಡೆಸಂದು, ಮೊಣಕೈಯ ಒಳಮಡಿಕೆ, ಕಾಲ್ಬೆರಳ ಸಂದುಗಳಂಥ ತೇವದ ಜಾಗಗಳಲ್ಲಿ ಕೊರಿನೆಬ್ಯಾಕ್ಟೀರಿಯಂ ಮತ್ತು ಸ್ಟ್ಯಾಫಿಲೊಕಾಕಸ್ ಹೆಚ್ಚು. ಒಣಗಿರುವ ಮುಂಗೈಯಲ್ಲಿ ಅತಿ ಹೆಚ್ಚು ವೈವಿಧ್ಯ ಕಂಡಿತು, ಎಣ್ಣೆಜಿಡ್ಡಿನ ಕಿವಿಯ ಹಿಂಭಾಗದಲ್ಲಿ ಅತಿ ಕಡಿಮೆ. ಶಿಲೀಂಧ್ರಗಳ ಕಥೆ ಇನ್ನೊಂದು ಬಗೆ. ಮೈಯ ಬಹುಭಾಗವನ್ನು ಮಲಸೀಝಿಯ ಎಂಬ ಒಂದೇ ಕುಲ ಆಳುತ್ತದೆ. 2013ರ ಅಧ್ಯಯನವೊಂದರಲ್ಲಿ ಹಿಮ್ಮಡಿಯಲ್ಲಿ ಮಾತ್ರ ಸುಮಾರು 80 ಕುಲದ ಶಿಲೀಂಧ್ರಗಳು ಸಿಕ್ಕವು. ಪಾದಕ್ಕೆ ಶಿಲೀಂಧ್ರದ ಸೋಂಕು ಅಷ್ಟು ಸುಲಭವಾಗಿ, ಅಷ್ಟು ಸಲ ಬರುವುದನ್ನು ಇದರ ಜೊತೆಗಿಟ್ಟು ಯೋಚಿಸಬೇಕು.

ಅಂಗೈಯದು ಪ್ರತ್ಯೇಕ ಪ್ರಕರಣ. 2008ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ತಂಡ 51 ವಿದ್ಯಾರ್ಥಿಗಳ ಅಂಗೈಗಳನ್ನು ಪರೀಕ್ಷಿಸಿದಾಗ, ಸಾಮಾನ್ಯವಾಗಿ ಒಂದೊಂದು ಅಂಗೈಯಲ್ಲಿ 150ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಿದ್ದವು. ಒಬ್ಬರದೇ ಎಡ ಮತ್ತು ಬಲ ಅಂಗೈಗಳಲ್ಲಿ ಸಮಾನವಾಗಿದ್ದ ಬಗೆಗಳು ಶೇ. 17 ಮಾತ್ರ. ಕೈ ಮುಟ್ಟಿದ್ದನ್ನೆಲ್ಲ ಹೊತ್ತುಕೊಂಡು ಬರುತ್ತದೆ. ಚರ್ಮದ ಮೇಲೆ ನೆಲೆಸಿದವರು ಬೇರೆ, ಬಂದು ಹೋಗುವವರು ಬೇರೆ ಎಂಬ ವಿಂಗಡಣೆಯನ್ನು ಶಸ್ತ್ರವೈದ್ಯ ಫಿಲಿಪ್ ಪ್ರೈಸ್ 1938ರಲ್ಲೇ ಮಾಡಿದ್ದರು, ಅದು ಇಂದಿಗೂ ಉಪಯುಕ್ತ. ಭೇದಿ, ನೆಗಡಿ, ಜ್ವರ ಹರಡುವ ರೋಗಾಣುಗಳಲ್ಲಿ ಬಹುಪಾಲು ಬಂದುಹೋಗುವ ಗುಂಪಿಗೆ ಸೇರಿದವು. ಸಾದಾ ಸೋಪು ಮತ್ತು ನೀರಿನಲ್ಲಿ ಕೈ ತೊಳೆದರೆ ಅವು ಹೊರಟುಹೋಗುತ್ತವೆ. ಆದ್ದರಿಂದ ಮೈಕ್ರೋಬಯೋಮ್ ಹೆಸರಿನಲ್ಲಿ ಯಾರಾದರೂ ಕೈ ತೊಳೆಯಬೇಡಿ ಎಂದರೆ ಖಂಡಿತ ಕೇಳಬೇಡಿ. ಊಟಕ್ಕೆ ಮುಂಚೆ, ಶೌಚದ ನಂತರ, ಮಗುವನ್ನು ಶುಚಿಗೊಳಿಸಿದ ಮೇಲೆ ಕೈ ತೊಳೆಯುವುದು ಜೀವ ಉಳಿಸುವ ಅಭ್ಯಾಸ. ನಾನು ಬೇಡವೆನ್ನುತ್ತಿರುವುದು ಇಡೀ ಮೈಗೆ ದಿನಕ್ಕೆರಡು ಸಲ ಮಾಡುತ್ತಿರುವ ರಾಸಾಯನಿಕ ದಾಳಿಯನ್ನು.

ಈಗ ಆಮ್ಲದ ವಿಷಯ. ನಿಮ್ಮ ತೊಂದರೆಯ ಎಳೆ ಇರುವುದು ಇಲ್ಲಿಯೇ, ಆದರೆ ಜನ ಇದರ ಬಗ್ಗೆ ಕೇಳುವುದೇ ಇಲ್ಲ. ಆಮ್ಲ-ಕ್ಷಾರದ ಅಳತೆಗೆ ಪಿಎಚ್ ಎನ್ನುತ್ತಾರೆ, ಅದು 7ಕ್ಕಿಂತ ಕಡಿಮೆಯಿದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ. ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ 4ರಿಂದ 6ರ ನಡುವೆ, ಹೆಚ್ಚಿನ ಜಾಗಗಳಲ್ಲಿ 5ರ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ತಿಳಿಯಾದ ಆಮ್ಲ. ಇದನ್ನು ಚರ್ಮ ಮತ್ತು ಸೂಕ್ಷ್ಮಜೀವಿಗಳು ಸೇರಿ ತಯಾರಿಸುತ್ತವೆ. ಚರ್ಮದಲ್ಲಿರುವ ಮೇದೋಗ್ರಂಥಿ (ಎಣ್ಣೆಗ್ರಂಥಿ) ಸ್ರವಿಸುವ ಎಣ್ಣೆಯನ್ನು ಕ್ಯೂಟಿಬ್ಯಾಕ್ಟೀರಿಯಂ ಮುಂತಾದವು ಒಡೆದಾಗ ಕೊಬ್ಬಿನಾಮ್ಲಗಳು ಬಿಡುಗಡೆಯಾಗುತ್ತವೆ. ಬೆವರಿನಲ್ಲಿ ಲ್ಯಾಕ್ಟಿಕ್ ಆಮ್ಲವಿದೆ. ಚರ್ಮದ ಹೊರಪದರದ ಫಿಲಾಗ್ರಿನ್ ಎಂಬ ಪ್ರೋಟೀನು ಕಳಚಿಕೊಂಡಾಗ ಇನ್ನಷ್ಟು ಆಮ್ಲಗಳೂ ನೀರನ್ನು ಹಿಡಿದಿಡುವ ಅಣುಗಳೂ ಸಿಗುತ್ತವೆ. ಈ ಆಮ್ಲೀಯತೆಯಲ್ಲಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ನಂಥ ಹಳೆಯ ನಿವಾಸಿಗಳು ಆರಾಮವಾಗಿರುತ್ತವೆ, ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ತಂಟೆಕೋರನಿಗೆ ಬೆಳೆಯುವುದು ಕಷ್ಟ. ಅಷ್ಟೇ ಅಲ್ಲ, ಚರ್ಮದ ಕೋಶಗಳ ನಡುವೆ ಗಾರೆಯಾಗಿ ಕೆಲಸ ಮಾಡುವ ಸೆರಮೈಡ್ ಎಂಬ ಕೊಬ್ಬನ್ನು ತಯಾರಿಸುವ ಕಿಣ್ವಗಳೂ ಆಮ್ಲೀಯ ವಾತಾವರಣದಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ಪಿಎಚ್ ಏರಿದರೆ ಗಾರೆಯ ತಯಾರಿಕೆ ಕುಗ್ಗುತ್ತದೆ. ಜೊತೆಗೆ, ಸತ್ತ ಕೋಶಗಳನ್ನು ಬಿಡಿಸುವ ಕಿಣ್ವಗಳು ಅತಿಯಾಗಿ ಚುರುಕಾಗಿ ಪದರ ಬೇಗ ಉದುರುತ್ತದೆ.

ಸಾಂಪ್ರದಾಯಿಕ ಸೋಪಿನ ಪಿಎಚ್ 9ರಿಂದ 10. ಆರೋಗ್ಯವಂತ ಚರ್ಮ ಒಂದು ಸ್ನಾನದ ಕ್ಷಾರವನ್ನು ಕೆಲವು ಗಂಟೆಗಳಲ್ಲಿ ಸರಿಪಡಿಸಿಕೊಳ್ಳುತ್ತದೆ, ಎಲ್ಲರೂ ಗಾಬರಿಯಾಗಬೇಕಿಲ್ಲ. ಈಗಾಗಲೇ ಬಿರುಕು ಬಿಟ್ಟ ಚರ್ಮಕ್ಕೆ ಆ ಶಕ್ತಿ ಕಡಿಮೆ. ಅದು ಚೇತರಿಸಿಕೊಳ್ಳುವ ಮೊದಲೇ ಎರಡನೆಯ ಸ್ನಾನ ಬಂದುಬಿಡುತ್ತದೆ. ಇನ್ನು ರೋಗಾಣುನಾಶಕ ಎಂಬ ಹಣೆಪಟ್ಟಿಯ ಬಗ್ಗೆ: 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳನ್ನು ಮನೆಬಳಕೆಯ ರೋಗಾಣುನಾಶಕ ಸೋಪುಗಳಲ್ಲಿ ಬಳಸದಂತೆ ತಡೆಯಿತು. ಸಾದಾ ಸೋಪು ಮತ್ತು ನೀರಿಗಿಂತ ಇವು ರೋಗಗಳನ್ನು ಹೆಚ್ಚು ತಡೆಯುತ್ತವೆ ಎಂದಾಗಲಿ, ದೀರ್ಘಕಾಲದ ದಿನಬಳಕೆಗೆ ಸುರಕ್ಷಿತ ಎಂದಾಗಲಿ ತಯಾರಕರು ಸಾಬೀತುಪಡಿಸಲಿಲ್ಲ ಎಂಬುದೇ ಅದರ ಕಾರಣ. ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಾಣುನಾಶಕಗಳಿಗೆ ನಿಜವಾದ ಕೆಲಸವಿದೆ. ಮನೆಯ ಬಚ್ಚಲಲ್ಲಿ, ತುರಿಸುವ ಚರ್ಮದ ಮೇಲೆ, ಅವುಗಳಿಂದ ಪ್ರಯೋಜನವಿಲ್ಲ.

ನಿಮಗಿರುವುದು ಎಕ್ಸಿಮಾ ಎಂದು ವೈದ್ಯರು ಖಚಿತಪಡಿಸಿದರೆ, ಮುಂದಿನ ಮಾತು ನೇರವಾಗಿ ನಿಮಗೆ ಸಂಬಂಧಿಸಿದ್ದು. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ನೇತೃತ್ವದ ಸಂಶೋಧನೆ, ಫಿಲಾಗ್ರಿನ್ ಜೀನಿನ ದೋಷ ಎಕ್ಸಿಮಾಕ್ಕೆ ಬಲವಾದ ಕಾರಣಗಳಲ್ಲೊಂದು ಎಂದು ತೋರಿಸಿತು. ಎಕ್ಸಿಮಾ ಇರುವ ಎಲ್ಲರಲ್ಲಿ ಈ ದೋಷ ಇರುವುದಿಲ್ಲ. ಆದರೆ ಉರಿಯೂತ ಶುರುವಾದರೆ ದೋಷವಿಲ್ಲದವರಲ್ಲೂ ಫಿಲಾಗ್ರಿನ್ ಕುಗ್ಗುತ್ತದೆ. ಫಿಲಾಗ್ರಿನ್ ಕಡಿಮೆಯಾದರೆ ಚರ್ಮ ನೀರು ಕಳೆದುಕೊಳ್ಳುತ್ತದೆ, ಪಿಎಚ್ ಏರುತ್ತದೆ, ಆರಿಯಸ್ ಅಂಟಿಕೊಳ್ಳುತ್ತದೆ. 2012ರಲ್ಲಿ ಎಕ್ಸಿಮಾ ಇರುವ ಮಕ್ಕಳನ್ನು ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, ರೋಗ ಉಲ್ಬಣಿಸಿದಾಗ ಚರ್ಮದ ಮೇಲಿನ ವೈವಿಧ್ಯ ಕುಸಿದು ಆರಿಯಸ್ ಪ್ರಮಾಣ ಏರಿತ್ತು. ಚಿಕಿತ್ಸೆ ಕೊಟ್ಟಾಗ ಸ್ಟ್ರೆಪ್ಟೊಕಾಕಸ್, ಕೊರಿನೆಬ್ಯಾಕ್ಟೀರಿಯಂ, ಕ್ಯೂಟಿಬ್ಯಾಕ್ಟೀರಿಯಂಗಳು ಮರಳಿ ಬಂದವು. ಇನ್ನೊಂದು ಸಂಗತಿ ನಿಮ್ಮಂತೆ ರಾತ್ರಿ ನಿದ್ದೆಗೆಟ್ಟವರಿಗೆ ಅರ್ಥವಾದೀತು: 2023ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು, ಆರಿಯಸ್ ಬಿಡುಗಡೆ ಮಾಡುವ ಒಂದು ಕಿಣ್ವ ಇಲಿಗಳಲ್ಲಿ ತುರಿಕೆಯ ನರಗಳನ್ನು ನೇರವಾಗಿ ಕೆರಳಿಸುತ್ತದೆ ಎಂದು ತೋರಿಸಿದರು. ತುರಿಸಿದರೆ ಪದರ ಹರಿಯುತ್ತದೆ, ಹರಿದಲ್ಲಿ ಆರಿಯಸ್ ಹೆಚ್ಚುತ್ತದೆ, ಹೆಚ್ಚಿದರೆ ಮತ್ತಷ್ಟು ತುರಿಕೆ. ಈ ಸರಣಿಯನ್ನು ಮುರಿಯುವ ಸುಲಭದ ಜಾಗ ಬ್ಯಾಕ್ಟೀರಿಯಾ ಅಲ್ಲ, ಚರ್ಮದ ಪದರ ಮತ್ತು ಉರಿಯೂತ.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾ ಎಂಬ ಮಾತು ಸುಳ್ಳೇ? ಸುಳ್ಳಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ರಿಚರ್ಡ್ ಗ್ಯಾಲೊ ಅವರ ತಂಡ 2017ರಲ್ಲಿ, ಆರೋಗ್ಯವಂತರ ಚರ್ಮದಲ್ಲಿರುವ ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಮುಂತಾದ ಜೀವಿಗಳ ಕೆಲವು ತಳಿಗಳು ಆರಿಯಸ್‌ನ್ನು ಕೊಲ್ಲುವ ಪದಾರ್ಥಗಳನ್ನು ತಯಾರಿಸುತ್ತವೆ ಎಂದು ಕಂಡುಕೊಂಡಿತು. ಎಕ್ಸಿಮಾ ಇರುವವರಲ್ಲಿ ಅಂಥ ತಳಿಗಳು ಅಪರೂಪ. 2016ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ವಿಜ್ಞಾನಿಗಳು ಮೂಗಿನಲ್ಲಿರುವ ಸ್ಟ್ಯಾಫಿಲೊಕಾಕಸ್ ಲುಗ್ಡುನೆನ್ಸಿಸ್‌ನಿಂದ ಲುಗ್ಡುನಿನ್ ಎಂಬ ಹೊಸ ಆಂಟಿಬಯಾಟಿಕ್ಕನ್ನೇ ಹೊರತೆಗೆದರು. ಇವು ನಿಜಕ್ಕೂ ಬೆರಗು ಹುಟ್ಟಿಸುವ ಸಂಶೋಧನೆಗಳು. ಆದರೂ ಒಂದು ಜೀವಿಗೆ ಒಳ್ಳೆಯದು ಎಂದು ಶಾಶ್ವತ ಪಟ್ಟ ಕಟ್ಟಬಾರದು. ಚರ್ಮದ ಮೇಲೆ ಸಾಧುವಾಗಿರುವ ಎಪಿಡರ್ಮಿಡಿಸ್ ರಕ್ತನಾಳಕ್ಕೆ ಹಾಕಿದ ಕ್ಯಾತಿಟರ್ ಎಂಬ ಕೊಳವೆಯ ಮೇಲೆ ಪೊರೆ ಕಟ್ಟಿ ಗಂಭೀರ ಸೋಂಕು ತರುತ್ತದೆ. ಅದೇ ಲುಗ್ಡುನೆನ್ಸಿಸ್ ಹೃದಯದ ಕವಾಟಕ್ಕೆ ಹತ್ತಿದರೆ ಪ್ರಾಣಾಪಾಯ. ಎಲ್ಲಿದೆ, ಎಷ್ಟಿದೆ, ಯಾವ ತಳಿ, ಅಲ್ಲಿನ ಚರ್ಮ ಹೇಗಿದೆ ಎಂಬುದನ್ನು ಬಿಟ್ಟು ಬ್ಯಾಕ್ಟೀರಿಯಾದ ಹೆಸರು ಮಾತ್ರ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ.

ಈ ಸಮುದಾಯವನ್ನು ಯಾವುದು ಬದಲಿಸುತ್ತದೆ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಎಲ್ಲಕ್ಕಿಂತ ದೊಡ್ಡ ಕಾರಣ ದೇಹದ ಯಾವ ಜಾಗ ಎಂಬುದು, ಅದನ್ನು ಆಗಲೇ ಹೇಳಿದೆ. ಎರಡನೆಯದು ವಯಸ್ಸು. ಸಹಜ ಹೆರಿಗೆಯ ಶಿಶುವಿನ ಮೈಮೇಲೆ ಮೊದಲು ಕಾಣುವುದು ತಾಯಿಯ ಯೋನಿಯ ಲ್ಯಾಕ್ಟೊಬ್ಯಾಸಿಲಸ್‌ನಂಥ ಜೀವಿಗಳು. ಸಿಸೇರಿಯನ್ ಶಿಶುವಿನ ಮೇಲೆ ಚರ್ಮದ ಜೀವಿಗಳು. ಈ ಮಾತು ಕೇಳಿ ಎಷ್ಟೋ ತಾಯಂದಿರು ಕೊರಗುತ್ತಾರೆ, ಅವರಿಗೆ ಗಟ್ಟಿಯಾಗಿ ಹೇಳಬೇಕಾದ ಸಮಾಧಾನವಿದೆ: ಚರ್ಮದ ಮಟ್ಟಿಗೆ ಈ ವ್ಯತ್ಯಾಸ ಸುಮಾರು ಆರು ವಾರಗಳಲ್ಲಿ ಬಹುತೇಕ ಅಳಿಸಿಹೋಗುತ್ತದೆ, ಏಕೆಂದರೆ ಅಷ್ಟರಲ್ಲಿ ಪ್ರತಿ ಜಾಗದ ಚರ್ಮ ತನಗೆ ಹೊಂದುವವರನ್ನು ಉಳಿಸಿಕೊಂಡಿರುತ್ತದೆ. ಮೊದಲ ವಾರಗಳಿಗೆ ಬೇರೊಂದು ಮಹತ್ವವಿದೆ. ಇಲಿಗಳ ಮೇಲಿನ ಪ್ರಯೋಗಗಳ ಪ್ರಕಾರ, ಹುಟ್ಟಿದ ಹೊಸತರಲ್ಲಿ ಎಪಿಡರ್ಮಿಡಿಸ್‌ನ ಪರಿಚಯವಾದರೆ ರೋಗನಿರೋಧಕ ವ್ಯವಸ್ಥೆ ಅದನ್ನು ಸಹಿಸಲು ಕಲಿಯುತ್ತದೆ. ದೊಡ್ಡದಾದ ಮೇಲೆ ಮೊದಲ ಸಲ ಪರಿಚಯವಾದರೆ ಆ ಸಹನೆ ಅಷ್ಟಾಗಿ ಬೆಳೆಯುವುದಿಲ್ಲ. ಮುಂದೆ ಹರೆಯದಲ್ಲಿ ಹಾರ್ಮೋನುಗಳು ಮೇದೋಗ್ರಂಥಿಗಳನ್ನು ಎಬ್ಬಿಸಿದಾಗ ಎಣ್ಣೆ ಪ್ರಿಯ ಜೀವಿಗಳು ಮೇಲೇಳುತ್ತವೆ. ಮುಪ್ಪಿನಲ್ಲಿ ಎಣ್ಣೆ ಕುಗ್ಗಿದಾಗ ಅವು ಮತ್ತೆ ಹಿಂದೆ ಸರಿಯುತ್ತವೆ.

ನಾವು ಯಾರೊಂದಿಗೆ ಬದುಕುತ್ತೇವೆ ಎಂಬುದೂ ಗುರುತು ಬಿಡುತ್ತದೆ. 2017ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಒಟ್ಟಿಗೆ ವಾಸಿಸುವ 10 ಜೋಡಿಗಳ ಚರ್ಮವನ್ನು ಪರೀಕ್ಷಿಸಿದಾಗ, ಯಾರು ಯಾರ ಸಂಗಾತಿ ಎಂಬುದನ್ನು ಸೂಕ್ಷ್ಮಜೀವಿಗಳ ಆಧಾರದಿಂದಲೇ ಕಂಪ್ಯೂಟರ್ ಶೇ. 86ರಷ್ಟು ಸರಿಯಾಗಿ ಹೇಳಿತು. ಅತಿ ಹೆಚ್ಚು ಹೋಲಿಕೆ ಇದ್ದದ್ದು ಪಾದಗಳಲ್ಲಿ, ಏಕೆಂದರೆ ಇಬ್ಬರೂ ನಡೆಯುವುದು ಒಂದೇ ನೆಲದ ಮೇಲೆ. ನಾಯಿ ಸಾಕಿದವರ ಚರ್ಮದಲ್ಲಿ ನಾಯಿಯ ಜೀವಿಗಳೂ ಸಿಗುತ್ತವೆ. ಇಷ್ಟೆಲ್ಲ ಕೊಡುಕೊಳ್ಳುವಿಕೆಯ ನಡುವೆಯೂ ಒಬ್ಬ ಆರೋಗ್ಯವಂತನ ಚರ್ಮದ ಸಮುದಾಯ ಎರಡು ವರ್ಷಗಳ ತನಕ ತನ್ನತನವನ್ನು ಉಳಿಸಿಕೊಂಡಿರುವುದನ್ನು ಅಧ್ಯಯನಗಳು ಕಂಡಿವೆ. ಇದು ಸುಲಭವಾಗಿ ಮುರಿದುಬೀಳುವ ವ್ಯವಸ್ಥೆಯಲ್ಲ ಎಂಬುದನ್ನು ನೆನಪಿಡಿ. ಒಂದು ದಿನ ಬೇರೆ ಸೋಪು ಬಳಸಿದರೆ ಏನೂ ಆಗುವುದಿಲ್ಲ.

ತೇವ ಮತ್ತು ಗಾಳಿಯಾಟ ನಮ್ಮ ಕೈಯಲ್ಲೇ ಇರುವ ಅಂಶಗಳು. ಗಾಳಿಯಾಡದ ಬಟ್ಟೆ, ದಿನವಿಡೀ ಬಿಗಿದ ಬೂಟು, ಒದ್ದೆ ಕಾಲುಚೀಲ, ಇವು ಬೆವರನ್ನು ಹಿಡಿದಿಟ್ಟು ಆ ಜಾಗದ ಚರ್ಮವನ್ನೇ ಬದಲಿಸುತ್ತವೆ. ಶಿಲೀಂಧ್ರ ಮತ್ತು ಕೊರಿನೆಬ್ಯಾಕ್ಟೀರಿಯಂ ಸಂಭ್ರಮಿಸುತ್ತವೆ. ಬೆವರಿಗೆ ಸ್ವತಃ ವಾಸನೆಯಿಲ್ಲ. ಕಂಕುಳಿನ ಗ್ರಂಥಿಗಳ ಸ್ರಾವವನ್ನು ಕೊರಿನೆಬ್ಯಾಕ್ಟೀರಿಯಂ, ಹೋಮಿನಿಸ್ ಮುಂತಾದವು ಒಡೆದಾಗ ಹುಟ್ಟುವ ಆಮ್ಲಗಳು ಮತ್ತು ಗಂಧಕದ ಸಂಯುಕ್ತಗಳೇ ಆ ವಾಸನೆ. ಹೋಮಿನಿಸ್ ಮೊಣಕೈಯಲ್ಲಿ ನಮ್ಮ ರಕ್ಷಕ, ಕಂಕುಳಲ್ಲಿ ವಾಸನೆಯ ಕಾರಣ. ಬೆವರು ತಡೆಯುವ ಅಲ್ಯುಮಿನಿಯಂ ಲವಣಗಳನ್ನು ದಿನವೂ ಬಳಸುವವರ ಕಂಕುಳಿನ ಸಮುದಾಯ ಬಳಸದವರದ್ದಕ್ಕಿಂತ ಬೇರೆಯಾಗಿರುತ್ತದೆ, ಅದರಿಂದ ಹಾನಿ ಎಂದು ಮಾತ್ರ ತಿಳಿದುಬಂದಿಲ್ಲ. ಸೊಳ್ಳೆಗಳು ಕೆಲವರನ್ನೇ ಹುಡುಕಿ ಕಚ್ಚುವುದರಲ್ಲಿಯೂ ಚರ್ಮದ ಬ್ಯಾಕ್ಟೀರಿಯಾಗಳ ಪಾತ್ರವಿದೆ. ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಯ ಮೇಲಿನ ಅಧ್ಯಯನದಲ್ಲಿ, ಚರ್ಮದ ಬ್ಯಾಕ್ಟೀರಿಯಾಗಳಲ್ಲಿ ವೈವಿಧ್ಯ ಹೆಚ್ಚಿದ್ದವರು ಸೊಳ್ಳೆಯನ್ನು ಕಡಿಮೆ ಸೆಳೆದರು.

ಔಷಧಿಗಳ ಬಗ್ಗೆ ನನಗೆ ತೀವ್ರ ಕಾಳಜಿಯಿದೆ. ಮೊಡವೆಗೆ, ತುರಿಕೆಗೆ ವೈದ್ಯರನ್ನು ಕೇಳದೆ ಆಂಟಿಬಯಾಟಿಕ್ ಮುಲಾಮು, ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚುವವರು ಬಹಳ. ಮೊಡವೆಯನ್ನೇ ನೋಡಿ: ಮೊಡವೆ ಇರುವವರಲ್ಲೂ ಇಲ್ಲದವರಲ್ಲೂ ಆಕ್ನೆಸ್ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ವ್ಯತ್ಯಾಸ ಇರುವುದು ತಳಿಗಳಲ್ಲಿ. ಕೆಲವು ತಳಿಗಳು ಮೊಡವೆಯೊಂದಿಗೆ, ಕೆಲವು ಶುಭ್ರ ಚರ್ಮದೊಂದಿಗೆ ನಂಟು ಹೊಂದಿವೆ ಎಂದು 2013ರ ಅಧ್ಯಯನ ತೋರಿಸಿತು. ಆಂಟಿಬಯಾಟಿಕ್ ಈ ಭೇದ ಎಣಿಸುವುದಿಲ್ಲ. ಅದು ಎಲ್ಲವನ್ನೂ ಹೊಡೆಯುತ್ತದೆ, ಪ್ರತಿರೋಧ ಬೆಳೆಸಿಕೊಂಡವು ಉಳಿಯುತ್ತವೆ, ಅವು ಮನೆಯವರಿಗೂ ದಾಟುತ್ತವೆ. ಅದಕ್ಕೇ ಮೊಡವೆಗೆ ಆಂಟಿಬಯಾಟಿಕ್ ಒಂದನ್ನೇ ಹಚ್ಚದೆ, ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳಲಾಗದ ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೆ ಬಳಸಬೇಕು ಎನ್ನುತ್ತಾರೆ. ಶಿಲೀಂಧ್ರದ ಸೋಂಕಿನ ಮೇಲೆ ತಿಳಿಯದೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ನಾಲ್ಕು ದಿನ ಅಡಗಿ ಸೋಂಕು ಹಬ್ಬುತ್ತದೆ. ಹಾಗೆಂದು ಎಕ್ಸಿಮಾಕ್ಕೆ ವೈದ್ಯರು ಬರೆದ ಸ್ಟೀರಾಯ್ಡ್ ಮುಲಾಮಿಗೆ ಹೆದರಬೇಡಿ. ಸರಿಯಾದ ಶಕ್ತಿಯದ್ದನ್ನು ಸರಿಯಾದಷ್ಟು ದಿನ ಹಚ್ಚಿದರೆ ಉರಿಯೂತ ಇಳಿಯುತ್ತದೆ, ಫಿಲಾಗ್ರಿನ್ ಚೇತರಿಸಿಕೊಳ್ಳುತ್ತದೆ, ಬ್ಯಾಕ್ಟೀರಿಯಾಗಳ ವೈವಿಧ್ಯವೂ ಮರಳುತ್ತದೆ. ಯಾವ ಬ್ಯಾಕ್ಟೀರಿಯಾವನ್ನೂ ಕೊಲ್ಲದ ಔಷಧಿಯೊಂದು ಆರಿಯಸ್‌ನ್ನು ಇಳಿಸುತ್ತದೆ ಎಂಬುದು ಈ ಉತ್ತರದಲ್ಲಿ ನಾನು ಹೇಳಬೇಕೆಂದಿರುವ ಎಲ್ಲದಕ್ಕೂ ಅತ್ಯುತ್ತಮ ಪುರಾವೆ.

ಇನ್ನು ಗೆಳತಿಯ ಕ್ರೀಮು. ನೀರಿನಂಶ ಇರುವ ಕ್ರೀಮುಗಳಿಗೆ ಕೆಡದಂತೆ ಸಂರಕ್ಷಕ ರಾಸಾಯನಿಕಗಳನ್ನು ಹಾಕುತ್ತಾರೆ, ಅವು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದಕ್ಕೇ ಇರುವುದು. ಹಾಗಾಗಿ ಪ್ರೊಬಯಾಟಿಕ್ ಎಂದು ಬರೆದಿರುವ ಹೆಚ್ಚಿನ ಕ್ರೀಮುಗಳಲ್ಲಿ ಇರುವುದು ಸತ್ತ ಬ್ಯಾಕ್ಟೀರಿಯಾಗಳ ಸಾರ. ಅದರಿಂದ ಒಂದಿಷ್ಟು ಹಿತವಾಗಬಹುದು, ಆದರೆ ಅದು ನಿಮ್ಮ ಚರ್ಮದಲ್ಲಿ ಹೊಸ ನಿವಾಸಿಗಳನ್ನು ನೆಲೆಗೊಳಿಸುವುದಿಲ್ಲ. ಜೀವಂತ ಬ್ಯಾಕ್ಟೀರಿಯಾಗಳನ್ನೇ ಔಷಧಿಯಾಗಿ ಹಚ್ಚುವ ಪ್ರಯತ್ನಗಳು ಗಂಭೀರವಾಗಿ ನಡೆದಿವೆ. ರೋಸಿಯೊಮೊನಾಸ್ ಮ್ಯೂಕೋಸ ಎಂಬ ಬ್ಯಾಕ್ಟೀರಿಯಾ 2018ರ ಸಣ್ಣ ಪ್ರಯೋಗದಲ್ಲಿ ಎಕ್ಸಿಮಾ ಇರುವವರಿಗೆ ಭರವಸೆ ಮೂಡಿಸಿತ್ತು. ಅದನ್ನೇ ಆಧರಿಸಿದ ಔಷಧಿ 2021ರಲ್ಲಿ ಇನ್ನೂ ಹೆಚ್ಚು ಜನರ ಮೇಲಿನ ಪ್ರಯೋಗದಲ್ಲಿ ಗುರಿ ಮುಟ್ಟಲಿಲ್ಲ. ಅದೇ ವರ್ಷ ಹೋಮಿನಿಸ್‌ನ ಒಂದು ತಳಿಯನ್ನು 54 ವಯಸ್ಕರಲ್ಲಿ ಪರೀಕ್ಷಿಸಿದರು. ಹಚ್ಚಿದವರಲ್ಲಿ ಆರಿಯಸ್ ಇಳಿಯಿತು, ಆದರೆ ಒಟ್ಟಾರೆ ಎಕ್ಸಿಮಾದ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ದಾರಿ ಮುಚ್ಚಿಲ್ಲ, ಮುಂದೊಂದು ದಿನ ಔಷಧಿ ಸಿಗಬಹುದು. ಇವತ್ತು ಅಂಗಡಿಯಲ್ಲಿ ಸಿಗುವ ಡಬ್ಬಿ ಆ ಔಷಧಿಯಲ್ಲ. ಚರ್ಮದ ಮಾದರಿ ಕಳಿಸಿದರೆ ನಿಮ್ಮ ಮೈಕ್ರೋಬಯೋಮ್ ವರದಿ ಕೊಡುತ್ತೇವೆ ಎನ್ನುವ ಪರೀಕ್ಷೆಗಳಿಗೂ ಇದೇ ಮಾತು. ವರದಿಯಲ್ಲಿ ಹೆಸರುಗಳು, ಶೇಕಡಾವಾರುಗಳು ಇರುತ್ತವೆ. ಅದನ್ನು ನೋಡಿ ಚಿಕಿತ್ಸೆ ಬದಲಿಸಲು ಯಾವ ವೈದ್ಯರಿಗೂ ಸದ್ಯ ಆಧಾರವಿಲ್ಲ.

ಹಾಗಾದರೆ ನೀವು ಮಾಡಬೇಕಾದದ್ದು ಏನು? ಸ್ನಾನ ದಿನಕ್ಕೊಂದೇ ಸಾಕು, ಐದು-ಹತ್ತು ನಿಮಿಷ, ನೀರು ಉಗುರುಬೆಚ್ಚಗಿರಲಿ. ಬಿಸಿನೀರು ತುರಿಕೆಗೆ ಆ ಕ್ಷಣ ಹಾಯೆನಿಸಿ ಆಮೇಲೆ ದುಪ್ಪಟ್ಟು ಮಾಡುತ್ತದೆ. ಪಿಎಚ್ 5.5ರ ಆಸುಪಾಸಿನ, ಸುಗಂಧವಿಲ್ಲದ, ಸೌಮ್ಯವಾದ ಕ್ಲೆನ್ಸರನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಬಳಸಿ. ಕೈಕಾಲು, ಬೆನ್ನಿಗೆ ನೀರು ಸಾಕು. ಉಜ್ಜುವ ಬ್ರಷ್, ಒರಟು ನಾರು ಬೇಡ. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಸ್ವಲ್ಪ ಒದ್ದೆಯಿರುವಾಗಲೇ ಸುಗಂಧವಿಲ್ಲದ ದಪ್ಪನೆಯ ಮಾಯಿಶ್ಚರೈಸರನ್ನು ಧಾರಾಳವಾಗಿ ಹಚ್ಚಿ. ಜಿಪುಣತನ ಮಾಡಿದರೆ ಪ್ರಯೋಜನವಿಲ್ಲ. ಬೆಲೆ ಹೆಚ್ಚಾದಷ್ಟು ಗುಣ ಹೆಚ್ಚೆಂದೇನೂ ಇಲ್ಲ, ನೀವು ಬೇಸರವಿಲ್ಲದೆ ದಿನವೂ ಹಚ್ಚುವಂಥದ್ದೇ ಒಳ್ಳೆಯದು. ತುರಿಕೆ ಹೆಚ್ಚಿದ ದಿನಗಳಲ್ಲಿ ದಿನಕ್ಕೆ ಇನ್ನೂ ಒಂದೆರಡು ಸಲ ಹಚ್ಚಬಹುದು. ಉಗುರು ಕತ್ತರಿಸಿಕೊಳ್ಳಿ, ಕತ್ತಿಗೆ ಉಣ್ಣೆ ಅಥವಾ ಒರಟು ಬಟ್ಟೆ ತಾಗದಿರಲಿ. ಈ ಕ್ರಮಗಳು ವೈದ್ಯರ ಭೇಟಿಗೆ ಬದಲಿಯಲ್ಲ, ಭೇಟಿಯ ತನಕ ಮತ್ತು ಆನಂತರವೂ ಮಾಡಬೇಕಾದವು.

ಮಗಳ ಚರ್ಮ ಈಗ ಚೆನ್ನಾಗಿದ್ದರೆ ಅದಕ್ಕೆ ವಿಶೇಷವಾಗಿ ಏನನ್ನೂ ಮಾಡಬೇಕಿಲ್ಲ. ಸೌಮ್ಯವಾದ ಕ್ಲೆನ್ಸರ್ ಅಗತ್ಯವಿದ್ದೆಡೆ ಮಾತ್ರ, ಉಳಿದೆಡೆ ನೀರು. ಅವಳು ಮಣ್ಣಿನಲ್ಲಿ ಆಡಲಿ, ಬಂದ ಮೇಲೆ ಕೈ ತೊಳೆಯಲಿ. ಎಕ್ಸಿಮಾ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ, ಆದ್ದರಿಂದ ಅವಳನ್ನು ಎತ್ತಿಕೊಳ್ಳಲು, ಪಕ್ಕದಲ್ಲಿ ಮಲಗಿಸಿಕೊಳ್ಳಲು ಹಿಂಜರಿಯಬೇಡಿ. ಆದರೆ ಎಕ್ಸಿಮಾದ ಪ್ರವೃತ್ತಿ ಕುಟುಂಬದಲ್ಲಿ ಹರಿಯುವುದುಂಟು, ಅವಳ ಕೆನ್ನೆ, ಮೊಣಕಾಲಿನ ಹಿಂಭಾಗ ಅಥವಾ ಮೊಣಕೈ ಮಡಿಕೆ ಒಣಗಿ ಕೆಂಪಾಗುತ್ತಿದ್ದರೆ ಅವಳನ್ನೂ ತೋರಿಸಿ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಆ ಜಾಗದಲ್ಲಿ ಕೀವು, ಹಳದಿ ಹೊಪ್ಪಳೆ, ಹಬ್ಬುತ್ತಿರುವ ಕೆಂಪು, ನೋವು ಕಂಡರೆ ಅದು ನಿಜವಾದ ಸೋಂಕು, ಬೇಗ ವೈದ್ಯರ ಬಳಿ ಹೋಗಿ. ಎಕ್ಸಿಮಾ ಇರುವ ಚರ್ಮದ ಮೇಲೆ ಒಂದೇ ಬಗೆಯ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಒಡೆದು, ಜ್ವರವೂ ಬಂದರೆ ಹರ್ಪಿಸ್ ವೈರಸ್ ಹಬ್ಬಿರಬಹುದು. ಆಗ ಮರುದಿನದ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು.